ಹೆಪಟೈಟಿಸ್ ಬಿ ಇರುವ ತಾಯಿ, ಎದೆಹಾಲು ಮತ್ತು ಕೂಸಿನ ಮೊದಲ ದಿನ

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಗಳ ತಾಯಿ ಕಾರ್ಡಿನಲ್ಲಿ, ಹೆಪಟೈಟಿಸ್ ಬಿ ಸೋಂಕು ಇದೆಯೇ ಎಂದು ತೋರಿಸುವ ಎಚ್‌ಬಿಎಸ್‌ಎಜಿ ಎಂಬ ಸಾಲಿನ ಮುಂದೆ ‘ಪಾಸಿಟಿವ್’ ಎಂದು ಬರೆದಿರುವುದು ಮನೆಯವರ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ತಡವಾಗಿಯೇ. ಬಾಗಲಕೋಟೆಯ ನಮ್ಮ ಓಣಿಯ ಒಂದು ಮನೆಯಲ್ಲಿ ಹೀಗೇ ಆಯಿತು. ಕಾರ್ಡು ತಿಂಗಳುಗಟ್ಟಲೆ ಟ್ರಂಕಿನಲ್ಲಿತ್ತು. ಕುಬಸದ ಕಾರ್ಯ ಮುಗಿದ ಮೇಲೆ ಒಂದು ದಿನ ಆಶಾ ಕಾರ್ಯಕರ್ತೆ ಅದನ್ನು ತೆರೆಸಿ ನೋಡಿ, ‘ಇದರ ಬಗ್ಗೆ ಯಾರಾದರೂ ನಿಮಗೆ ಹೇಳ್ಯಾರೇನ್ರಿ?’ ಎಂದು ಕೇಳಿದಾಗಲೇ ವಿಷಯ ತಿಳಿದದ್ದು. ಆ ಸಂಜೆಯಿಂದ ಮನೆಯ ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗತೊಡಗಿತು: ಹುಟ್ಟುವ ಕೂಸಿಗೆ ತಾಯಿಯ ಹಾಲು ಕುಡಿಸಬಹುದೋ, ಕುಡಿಸಬಾರದೋ? ಹೆರಿಗೆಯನ್ನು ಎಲ್ಲಿ ಮಾಡಿಸಬೇಕು, ಹುಟ್ಟಿದ ದಿನವೇ ಕೂಸಿಗೆ ಯಾವ ಸೂಜಿ ಬೇಕು, ಅದು ಆ ದವಾಖಾನೆಯಲ್ಲಿ ದೊರೆಯುವುದೇ ಎಂದು ಕೇಳಿದವರು ಯಾರೂ ಇರಲಿಲ್ಲ. ಹೆರಿಗೆಗೆ ಇನ್ನೂ ಎರಡು ತಿಂಗಳಿರುವಾಗಲೇ ಪುಡಿಹಾಲಿನ ಡಬ್ಬಿ ಮಾತ್ರ ಮನೆಗೆ ಬಂದು ಕುಳಿತಿತ್ತು.

ಅವರು ಕೇಳಿದ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಪಟೈಟಿಸ್ ಬಿ ಇರುವ ತಾಯಿ ತನ್ನ ಕೂಸಿಗೆ ಎದೆಹಾಲು ಕೊಡಬಹುದು, ಕೊಡಬೇಕು. ಎಲ್ಲ ತಾಯಂದಿರಂತೆ ಆಕೆಯೂ ಕೂಸು ಹುಟ್ಟಿದ ಒಂದು ತಾಸಿನೊಳಗೆ ಗಿಣ್ಣದ ಹಾಲಿನಿಂದ ಆರಂಭಿಸಬಹುದು. ಕೂಸಿಗೆ ಲಸಿಕೆ ಹಾಕುವವರೆಗೆ ಹಾಲನ್ನು ತಡೆದಿಡುವ ಅಗತ್ಯವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನಿಲುವು ಇದೇ. ಆದರೆ ಈ ಉತ್ತರವನ್ನಷ್ಟೇ ಕೇಳಿಕೊಂಡು ನೆಮ್ಮದಿಯಿಂದ ಮನೆಗೆ ಹೋಗುವುದು ಅಪಾಯಕರ, ಏಕೆಂದರೆ ಕೂಸಿಗೆ ಸೋಂಕು ತಗಲುವ ದಾರಿ ಹಾಲಿನದಲ್ಲದಿದ್ದರೂ ಅದು ತಗಲುವ ಹೊತ್ತು ಬಹಳ ಚಿಕ್ಕದು, ಅದನ್ನು ತಡೆಯಲು ಇರುವ ಹೊತ್ತೂ ಅಷ್ಟೇ ಚಿಕ್ಕದು.

ಗೊಂದಲ ಹೆಸರಿನಿಂದಲೇ ಶುರುವಾಗುತ್ತದೆ. ಹೆಪಟೈಟಿಸ್ ಎಂದರೆ ಯಕೃತ್ತಿನ, ಅಂದರೆ ಲಿವರಿನ, ಉರಿಯೂತ. ನಮ್ಮ ಭಾಗದಲ್ಲಿ ಕಣ್ಣು ಹಳದಿಯಾದರೆ ಕಾಮಣಿ ಆಗಿದೆ ಎನ್ನುತ್ತಾರೆ. ಮಳೆಗಾಲದಲ್ಲಿ ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಎಂಬ ವೈರಸ್‌ಗಳು ತರುವ ಕಾಮಣಿಯೇ ಜನರಿಗೆ ಹೆಚ್ಚು ಪರಿಚಿತ. ಬಿ ವೈರಸ್ಸಿನ ನಡೆ ಬೇರೆ. ಅದು ನೀರಿನಿಂದಾಗಲಿ ಊಟದಿಂದಾಗಲಿ ಬರುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ಬರುತ್ತದೆ. ಅದನ್ನು ವರ್ಷಗಟ್ಟಲೆ ಮೈಯಲ್ಲಿ ಹೊತ್ತ ಬಹುತೇಕ ಗರ್ಭಿಣಿಯರ ಕಣ್ಣು ಒಂದು ದಿನವೂ ಹಳದಿಯಾಗಿರುವುದಿಲ್ಲ. ಆದ್ದರಿಂದಲೇ ‘ಆಕಿಗೆ ಕಾಮಣಿ ಆಗೇ ಇಲ್ಲ, ರಿಪೋರ್ಟ್ ತಪ್ಪಿರಬೇಕು’ ಎಂಬ ಮಾತು ಹುಟ್ಟುತ್ತದೆ. ಇದಕ್ಕೆ ವಿರುದ್ಧ ತುದಿಯ ತಪ್ಪು ಎಚ್‌ಐವಿಯೊಂದಿಗೆ ಹೋಲಿಸುವುದು. ಎರಡೂ ರಕ್ತದಿಂದ ಹರಡುತ್ತವೆ, ಎರಡರ ಪರೀಕ್ಷೆಯೂ ಗರ್ಭಿಣಿಯ ಒಂದೇ ರಕ್ತದ ಮಾದರಿಯಿಂದ ಆಗುತ್ತದೆ, ಎರಡೂ ಫಲಿತಾಂಶಗಳು ಕಾರ್ಡಿನಲ್ಲಿ ಅಕ್ಕಪಕ್ಕದಲ್ಲಿರುತ್ತವೆ. ಎಚ್‌ಐವಿ ಎದೆಹಾಲಿನ ಮೂಲಕವೂ ಹರಡಬಲ್ಲದು. ಆ ತಾಯಂದಿರು ಹಾಲು ಕುಡಿಸುವಾಗ ಪಾಲಿಸಬೇಕಾದ ಔಷಧದ ನಿಯಮಗಳೇ ಬೇರೆ. ಆ ನಿಯಮಗಳನ್ನು ತಂದು ಹೆಪಟೈಟಿಸ್ ಬಿ ಮೇಲೆ ಹೊರಿಸುವವರಲ್ಲಿ ಓಣಿಯ ಹಿರಿಯರಷ್ಟೇ ಅಲ್ಲ, ಬಿಳಿ ಕೋಟು ತೊಟ್ಟವರೂ ಆಗಾಗ ಇರುತ್ತಾರೆ.

ಇನ್ನು ರಿಪೋರ್ಟಿನ ಅಕ್ಷರಗಳು. ಎಚ್‌ಬಿಎಸ್‌ಎಜಿ ಎಂಬುದು ವೈರಸ್ಸಿನ ಹೊರಕವಚದ ಒಂದು ಪ್ರೋಟೀನು. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಅವರು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಇದನ್ನು ಗುರುತಿಸಿ 1965ರಲ್ಲಿ ಪ್ರಕಟಿಸಿದರು. 1976ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು, ಅವರು ಹುಟ್ಟಿದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನವಾಗಿದೆ. ರಕ್ತದಲ್ಲಿ ಈ ಪ್ರೋಟೀನು ಕಂಡುಬಂದರೆ ಮೈಯಲ್ಲಿ ವೈರಸ್ ಇದೆ ಎಂದರ್ಥ. ಆರು ತಿಂಗಳಿಗಿಂತ ಹೆಚ್ಚು ಕಾಲ ಹಾಗೆಯೇ ಉಳಿದರೆ ಅದನ್ನು ದೀರ್ಘಕಾಲದ ಸೋಂಕು ಎನ್ನುತ್ತಾರೆ. ಆದರೆ ವೈರಸ್ ಇದೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ, ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಇನ್ನೆರಡು ಪರೀಕ್ಷೆಗಳಿವೆ. ಒಂದು ಎಚ್‌ಬಿಇಎಜಿ, ಇದು ಪಾಸಿಟಿವ್ ಇದ್ದರೆ ವೈರಸ್ ಜೋರಾಗಿ ವೃದ್ಧಿಯಾಗುತ್ತಿದೆ ಎಂದು ತಿಳಿಯಬೇಕು. ಇನ್ನೊಂದು ರಕ್ತದಲ್ಲಿರುವ ವೈರಸ್ಸಿನ ಡಿಎನ್‌ಎಯನ್ನೇ ಅಳೆಯುವ ಪರೀಕ್ಷೆ, ಆಡುಮಾತಿನಲ್ಲಿ ವೈರಲ್ ಲೋಡ್. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದ ಗರ್ಭಿಣಿಗೆ ಈ ಎರಡರಲ್ಲಿ ಒಂದಾದರೂ, ಸಾಧ್ಯವಾದರೆ ವೈರಲ್ ಲೋಡ್, ಜೊತೆಗೆ ಯಕೃತ್ತಿನ ಕೆಲಸ ಹೇಗಿದೆ ಎಂದು ತೋರಿಸುವ ಪರೀಕ್ಷೆ ಆಗಲೇಬೇಕು. ಒಂದು ‘ಪಾಸಿಟಿವ್’ ಪದವನ್ನು ಹಿಡಿದುಕೊಂಡು ಎರಡು ತಿಂಗಳು ಚಿಂತಿಸುವುದಕ್ಕಿಂತ ಈ ಎರಡನೆಯ ರಕ್ತಪರೀಕ್ಷೆ ಹೆಚ್ಚು ಪ್ರಯೋಜನಕಾರಿ.

ಕೂಸಿಗೆ ಸೋಂಕು ಬಹುಪಾಲು ತಗಲುವುದು ಹುಟ್ಟುವ ಗಳಿಗೆಯಲ್ಲಿ. ಗರ್ಭದಲ್ಲಿರುವಾಗ ಮಾಸಿನ ಗೋಡೆ ವೈರಸ್ಸನ್ನು ಬಹುಮಟ್ಟಿಗೆ ತಡೆಯುತ್ತದೆ. ಅದನ್ನು ದಾಟಿ ಹೋಗುವ ಪ್ರಸಂಗಗಳಿದ್ದರೂ ಅವು ಕಡಿಮೆ, ಅವೂ ಹೆಚ್ಚಾಗಿ ವೈರಲ್ ಲೋಡ್ ತುಂಬ ಏರಿರುವ ತಾಯಂದಿರಲ್ಲಿ. ಹೆರಿಗೆಯ ನೋವು ಶುರುವಾಗಿ ಕೂಸು ಹೊರಬರುವ ತಾಸುಗಳಲ್ಲಿ ಮಾತ್ರ ಅದು ತಾಯಿಯ ರಕ್ತದಲ್ಲಿಯೂ ಸ್ರಾವದಲ್ಲಿಯೂ ಮಿಂದೇ ಬರುತ್ತದೆ. ಅದರ ಕಣ್ಣು, ಬಾಯಿ, ಮೈಮೇಲಿನ ಸಣ್ಣ ತರಚುಗಳೆಲ್ಲ ವೈರಸ್ಸಿಗೆ ಬಾಗಿಲು. ಯಾವ ತಡೆಯನ್ನೂ ಮಾಡದಿದ್ದರೆ, ಎಚ್‌ಬಿಇಎಜಿ ಕೂಡ ಪಾಸಿಟಿವ್ ಇರುವ ತಾಯಂದಿರ ಮಕ್ಕಳಲ್ಲಿ ಶೇ 70ರಿಂದ 90ರಷ್ಟು ಮಂದಿಗೆ ಸೋಂಕು ತಗಲುತ್ತದೆ. ಅದು ನೆಗೆಟಿವ್ ಇದ್ದವರ ಮಕ್ಕಳಲ್ಲಿ ಈ ಪ್ರಮಾಣ ಶೇ 10ರಿಂದ 40. ಸಿಸೇರಿಯನ್ ಮಾಡಿಸಿದರೆ ಪಾರಾಗಬಹುದೇ ಎಂದು ಕೇಳುವವರಿದ್ದಾರೆ. ಈ ಒಂದೇ ಕಾರಣಕ್ಕೆ ಸಿಸೇರಿಯನ್ ಮಾಡಿಸಬೇಕೆಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ.

ಸೋಂಕು ತಗಲುವ ವಯಸ್ಸಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ದೊಡ್ಡವರ ಮೈಗೆ ಈ ವೈರಸ್ ಹೊಕ್ಕರೆ ರೋಗನಿರೋಧಕ ಶಕ್ತಿ ಅದನ್ನು ಪರಕೀಯವೆಂದು ಗುರುತಿಸಿ, ಅದು ಸೇರಿಕೊಂಡ ಯಕೃತ್ತಿನ ಕೋಶಗಳ ಮೇಲೆ ಎರಗುತ್ತದೆ. ಕಣ್ಣು ಹಳದಿಯಾಗುವುದು, ವಾಂತಿ, ಸುಸ್ತು ಎಲ್ಲವೂ ಆ ಕಾಳಗದ ಗುರುತುಗಳೇ ಹೊರತು ವೈರಸ್ಸಿನ ನೇರ ಕೃತ್ಯವಲ್ಲ. ವೈರಸ್ ತಾನಾಗಿ ಕೋಶವನ್ನು ಕೊಲ್ಲುವುದಿಲ್ಲ. ಈ ಕಾಳಗದ ಕೊನೆಗೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ವಯಸ್ಕರು ಗೆದ್ದು ಹೊರಬರುತ್ತಾರೆ. ಹಸಗೂಸಿನ ಮೈಗೆ ತನ್ನದು ಯಾವುದು, ಪರರದು ಯಾವುದು ಎಂಬುದೇ ಇನ್ನೂ ಪಾಠವಾಗಿರುವುದಿಲ್ಲ. ಅದು ವೈರಸ್ಸನ್ನು ಮನೆಯವರಲ್ಲಿ ಒಬ್ಬರೆಂದು ಒಳಗೆ ಕರೆದುಕೊಂಡುಬಿಡುತ್ತದೆ. ಜ್ವರವಿಲ್ಲ, ಹಳದಿಯಿಲ್ಲ, ಅಳುವಿಲ್ಲ. ಕಾಳಗವೇ ಆಗದ ಮೇಲೆ ಗುರುತು ಎಲ್ಲಿಂದ ಬರಬೇಕು? ಹೀಗೆ ಸೋಂಕು ತಗಲಿದ ನವಜಾತ ಶಿಶುಗಳಲ್ಲಿ ಶೇ 90ರಷ್ಟು ಮಂದಿಯಲ್ಲಿ ಅದು ದೀರ್ಘಕಾಲದ ಸೋಂಕಾಗಿ ಉಳಿದು, ಮುಂದೆ ಮೂವತ್ತು ನಲವತ್ತರ ವಯಸ್ಸಿನಲ್ಲಿ ಕೆಲವರಿಗೆ ಸಿರೋಸಿಸ್, ಅಂದರೆ ಯಕೃತ್ತು ಗಟ್ಟಿಯಾಗಿ ಕೆಡುವ ಕಾಯಿಲೆ, ಆಗಿಯೋ ಯಕೃತ್ತಿನ ಕ್ಯಾನ್ಸರ್ ಆಗಿಯೋ ಕಾಣಿಸಿಕೊಳ್ಳುತ್ತದೆ. ಇಂದು ಕಾರ್ಡಿನಲ್ಲಿ ‘ಪಾಸಿಟಿವ್’ ಎಂದು ಬರೆಸಿಕೊಂಡ ಹೆಣ್ಣುಮಗಳೂ ಬಹುಶಃ ತಾನು ಹುಟ್ಟಿದ ದಿನವೇ ಅಥವಾ ತೀರ ಎಳವೆಯಲ್ಲೇ ಇದನ್ನು ಪಡೆದಿರುತ್ತಾಳೆ. ಆದುದರಿಂದ ರಿಪೋರ್ಟ್ ನೋಡಿ ಆಕೆಯ ನಡತೆಯನ್ನೋ ಗಂಡನ ನಡತೆಯನ್ನೋ ಪಂಚಾಯಿತಿಗೆ ಎಳೆಯುವುದು ಕ್ರೂರವೂ ಹೌದು, ಅವಿವೇಕವೂ ಹೌದು.

ಈಗ ಹಾಲಿನ ಮಾತು. ಸೋಂಕಿರುವ ತಾಯಿಯ ಎದೆಹಾಲಿನಲ್ಲಿ ವೈರಸ್ಸಿನ ಪ್ರೋಟೀನು ಮತ್ತು ಡಿಎನ್‌ಎ ಪತ್ತೆಯಾಗಿರುವುದು ನಿಜ. ಹಾಲಿನಿಂದ ಅಪಾಯವಿದೆ ಎನ್ನುವವರು ಈ ಸಂಗತಿಯನ್ನೇ ಮುಂದಿಡುತ್ತಾರೆ. ಆದರೆ ಹಾಲಿನಲ್ಲಿ ವೈರಸ್ಸಿನ ಗುರುತು ಸಿಗುವುದು ಬೇರೆ, ಹಾಲಿನಿಂದ ಸೋಂಕು ತಗಲುವುದು ಬೇರೆ; ಎರಡನೆಯದನ್ನು ತಿಳಿಯಬೇಕಾದರೆ ಹಾಲುಂಡ ಮಕ್ಕಳನ್ನೂ ಉಣ್ಣದ ಮಕ್ಕಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಲಸಿಕೆಯೇ ಇಲ್ಲದ ಕಾಲದಲ್ಲಿ ತೈವಾನಿನಲ್ಲಿ ಸಂಶೋಧಕ ಬೀಸ್ಲಿ ಮತ್ತು ಸಂಗಡಿಗರು ಹಾಗೆ ನೋಡಿದರು. 1975ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸೋಂಕಿತ ತಾಯಂದಿರ 147 ಮಕ್ಕಳಿದ್ದರು. ತಾಯಿಯ ಹಾಲು ಕುಡಿದ 92 ಮಕ್ಕಳಲ್ಲಿ ಶೇ 53ರಷ್ಟು ಮಂದಿಗೆ, ಕುಡಿಯದ 55 ಮಕ್ಕಳಲ್ಲಿ ಶೇ 60ರಷ್ಟು ಮಂದಿಗೆ ಸೋಂಕು ತಗಲಿತ್ತು. ಹಾಲು ತಪ್ಪಿಸಿದ್ದರಿಂದ ಆ ಮಕ್ಕಳಿಗೆ ಯಾವ ರಕ್ಷಣೆಯೂ ಸಿಗಲಿಲ್ಲ. ಎರಡೂ ಗುಂಪುಗಳಿಗೆ ಸೋಂಕು ಅಂಟಿದ್ದು ಹೆರಿಗೆಯಲ್ಲಿ. ಲಸಿಕೆ ಬಂದ ನಂತರ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳೂ ಇದೇ ಮಾತನ್ನು ಮತ್ತೆ ಮತ್ತೆ ಹೇಳಿವೆ: ಹುಟ್ಟಿದೊಡನೆ ಲಸಿಕೆ ಪಡೆದ ಮಕ್ಕಳಲ್ಲಿ ಎದೆಹಾಲಿನಿಂದ ಸೋಂಕಿನ ಪ್ರಮಾಣ ಏರುವುದಿಲ್ಲ.

ಇದಕ್ಕೆ ಕಾರಣವನ್ನು ಸಾದಾ ಲೆಕ್ಕದಲ್ಲಿಯೂ ಕಾಣಬಹುದು. ಹಾಲಿನಲ್ಲಿರುವ ವೈರಸ್ಸಿನ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ. ಹೆರಿಗೆಯ ತಾಸುಗಳಲ್ಲಿ ತಾಯಿಯ ರಕ್ತದಲ್ಲಿಯೇ ಮಿಂದು ಬಂದ ಕೂಸಿಗೆ ಆಮೇಲೆ ಹಾಲಿನ ಹನಿಯಿಂದ ಬರುವುದು ಲೆಕ್ಕಕ್ಕೆ ಸಿಗದಷ್ಟು. ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂದ ಹಾಗೆ. ಲಸಿಕೆ ಹಾಕಿದ ಮೇಲಂತೂ ಕೂಸಿನ ಮೈಯಲ್ಲಿ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ಎದುರಿಸುವ ರಕ್ಷಕ ಪ್ರೋಟೀನುಗಳು, ಹುಟ್ಟಿ ಆ ಅಲ್ಪವನ್ನೂ ತಡೆಯುತ್ತವೆ.

ಹಾಲು ತಪ್ಪಿಸಿದರೆ ಕೂಸಿಗೆ ಆಗುವ ಹಾನಿ ಮಾತ್ರ ಅಲ್ಪವಲ್ಲ. ಗಿಣ್ಣದ ಹಾಲಿನಲ್ಲಿರುವ ರೋಗನಿರೋಧಕ ಅಂಶಗಳು ಯಾವ ಡಬ್ಬಿಯಲ್ಲಿಯೂ ಸಿಗುವುದಿಲ್ಲ. ಪುಡಿಹಾಲು ಕಲಸಲು ಕುದಿಸಿ ಆರಿಸಿದ ನೀರು, ಪ್ರತಿ ಸಲವೂ ಕುದಿಸಿ ತೊಳೆದ ಬಟ್ಟಲು, ಪೂರ್ತಿ ಅಳತೆಯ ಪುಡಿ ಬೇಕು. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ, ಸವುಳು ನೀರಿನ ಬೋರ್‌ವೆಲ್ ಬಳಸುವ ತೋಟದ ಮನೆಯಲ್ಲಿ, ಡಬ್ಬಿ ಬೇಗ ಮುಗಿಯದಿರಲೆಂದು ಒಂದು ಚಮಚ ಕಡಿಮೆ ಹಾಕುವ ಕೈಗಳಲ್ಲಿ ಇವು ನಿತ್ಯವೂ ನಡೆಯುವ ಮಾತಲ್ಲ. ಬಾಟಲಿ ಹಾಲಿನ ಕೂಸಿಗೆ ಭೇದಿಯಾಗುತ್ತದೆ, ತೂಕ ಇಳಿಯುತ್ತದೆ. ಇಲ್ಲದ ಅಪಾಯವನ್ನು ತಪ್ಪಿಸಲು ಹೋಗಿ ಇರುವ ಅಪಾಯವನ್ನು ತಂದುಕೊಂಡಂತೆ ಆಗುತ್ತದೆ. ಮೊದಲ ಆರು ತಿಂಗಳು ನೀರೂ ಬೇಡ, ಗುಟ್ಟಿಯೂ ಬೇಡ, ಜೇನುತುಪ್ಪವೂ ಬೇಡ, ಎದೆಹಾಲು ಮಾತ್ರ ಸಾಕು ಎಂಬ ನಿಯಮ ಈ ಕೂಸಿಗೂ ಅನ್ವಯಿಸುತ್ತದೆ.

ಕೂಸನ್ನು ಕಾಪಾಡುವುದು ಲಸಿಕೆ. ಅದರಲ್ಲಿ ಜೀವಂತ ವೈರಸ್ ಇರುವುದಿಲ್ಲ. ಯೀಸ್ಟ್ ಕೋಶಗಳಲ್ಲಿ ತಯಾರಿಸಿದ, ವೈರಸ್ಸಿನ ಹೊರಕವಚದ ಅದೇ ಪ್ರೋಟೀನು ಮಾತ್ರ ಇರುತ್ತದೆ. ಅದನ್ನು ಕಂಡ ಮೈ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ಒಂದು ಕಾಲಕ್ಕೆ ಇದು ವಿದೇಶದಿಂದ ಬರುವ ದುಬಾರಿ ವಸ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. ಈಗ ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಎಲ್ಲ ಮಕ್ಕಳಿಗೂ ಉಚಿತ. ಸೋಂಕು ಆಗಲೇ ತಗಲಿರಬಹುದಾದ ಕೂಸಿಗೆ ಆಮೇಲೆ ಹಾಕಿದ ಲಸಿಕೆ ಹೇಗೆ ಕೆಲಸ ಮಾಡುತ್ತದೆ ಎಂಬ ಸಂಶಯ ಸಹಜ. ಈ ವೈರಸ್ ಅವಸರದ್ದಲ್ಲ. ಮೈ ಹೊಕ್ಕಿದ ಮೇಲೆ ಅದು ಯಕೃತ್ತಿನಲ್ಲಿ ನೆಲೆಯೂರಿ ಹರಡಿಕೊಳ್ಳಲು ವಾರಗಳು, ತಿಂಗಳುಗಳು ಬೇಕಾಗುತ್ತವೆ. ಲಸಿಕೆಯನ್ನು ಮೊದಲ ದಿನವೇ ಹಾಕಿದರೆ ಪ್ರತಿಕಾಯಗಳು ವೈರಸ್ಸಿಗಿಂತ ಮೊದಲೇ ಸಿದ್ಧವಾಗುತ್ತವೆ. ದಿನಗಳು ಕಳೆದಂತೆ ಈ ಓಟದಲ್ಲಿ ವೈರಸ್ ಮುಂದಾಗುತ್ತದೆ. ಆದ್ದರಿಂದಲೇ ಹುಟ್ಟಿದ 24 ತಾಸಿನೊಳಗೆ, ಸಾಧ್ಯವಾದರೆ 12 ತಾಸಿನೊಳಗೆ, ಎಂಬ ಒತ್ತಾಯ. ತಡವಾದರೆ ಹಾಕಿಸಲೇಬಾರದು ಎಂದಲ್ಲ, ಆದರೆ ಫಲ ದಿನದಿನಕ್ಕೆ ಕುಗ್ಗುತ್ತದೆ.

ಈ ಮೊದಲ ಡೋಸು ತಪ್ಪುವುದಕ್ಕೆ ಇರುವ ಕಾರಣಗಳು ಕೇಳಿದರೆ ನಗು ಬರುವಷ್ಟು ಸಣ್ಣವು. ಲಸಿಕೆಯ ಸೀಸೆಯಲ್ಲಿ ಹತ್ತು ಡೋಸುಗಳಿರುತ್ತವೆ. ರಾತ್ರಿ ಹುಟ್ಟಿದ ಒಂದು ಕೂಸಿಗಾಗಿ ಅದನ್ನು ಒಡೆದರೆ ಉಳಿದ ಒಂಬತ್ತು ವ್ಯರ್ಥವಾದೀತೆಂಬ ಅಂಜಿಕೆ. ವಾಸ್ತವವಾಗಿ, ಸರಿಯಾದ ತಂಪಿನಲ್ಲಿ, ಅಂದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮಂಜುಗಟ್ಟಗೊಡದೆ ಇಟ್ಟರೆ ತೆರೆದ ಸೀಸೆಯನ್ನು 28 ದಿನಗಳವರೆಗೆ ಬಳಸಲು ನಮ್ಮ ದೇಶದ ನಿಯಮ ಅವಕಾಶ ಕೊಟ್ಟಿದೆ. ಇನ್ನೊಂದು ಕಾರಣ ಭಾನುವಾರ, ಮತ್ತೊಂದು ಹಬ್ಬದ ರಜೆ. ‘ಕೂಸು ಭಾಳ ಸಣ್ಣದೈತಿ, ಸೂಜಿ ತಡೀತದೇನು’ ಎನ್ನುವ ಅಜ್ಜಿಯ ಕಕ್ಕುಲಾತಿಯೂ ಉಂಟು. ಸೋಂಕಿರುವ ತಾಯಿಯ ಕೂಸು ಎರಡು ಕಿಲೋಗಿಂತ ಕಡಿಮೆ ತೂಗಿದರೂ ಮೊದಲ ದಿನದ ಡೋಸು ಬೇಕೇ ಬೇಕು. ಅದರ ನಂತರ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಹಾಕುವ, ಐದು ರೋಗಗಳಿಗೆ ಒಂದೇ ಆದ ಪೆಂಟಾವೇಲೆಂಟ್ ಲಸಿಕೆಯಲ್ಲಿ ಹೆಪಟೈಟಿಸ್ ಬಿ ಅಂಶ ಸೇರಿಯೇ ಇರುತ್ತದೆ.

ಲಸಿಕೆಯ ಜೊತೆಗೆ ಇನ್ನೊಂದು ಚುಚ್ಚುಮದ್ದು ಇದೆ: ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್. ಲಸಿಕೆ ಮೈಗೆ ಕಾದಾಡುವುದನ್ನು ಕಲಿಸಿದರೆ ಇದು ಸಿದ್ಧವಾಗಿರುವ ಪ್ರತಿಕಾಯಗಳನ್ನೇ ತಂದು ಕೊಡುತ್ತದೆ, ಅಂದರೆ ಕೂಸಿನ ಸ್ವಂತ ಪ್ರತಿಕಾಯಗಳು ತಯಾರಾಗುವವರೆಗಿನ ಕಾವಲು. ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇದರ 100 ಘಟಕಗಳು, ಸಾಧ್ಯವಾದಷ್ಟು ಬೇಗ. ಎರಡನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟರೆ ನೂರರಲ್ಲಿ 85ರಿಂದ 95 ಮಕ್ಕಳನ್ನು ಸೋಂಕಿನಿಂದ ಉಳಿಸಬಹುದು. ತೊಡಕೆಂದರೆ ಇದು ದುಬಾರಿ, ಎಲ್ಲ ಕಡೆಯೂ ಇಟ್ಟಿರುವುದಿಲ್ಲ. ಲಸಿಕೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಸಿಗುತ್ತದೆ; ಇಮ್ಯುನೊಗ್ಲಾಬ್ಯುಲಿನ್ ಸಿಗುವುದೇನಿದ್ದರೂ ದೊಡ್ಡ ದವಾಖಾನೆಗಳಲ್ಲಿ. ಸಿಂದಗಿಯಲ್ಲೋ ಇಂಡಿಯಲ್ಲೋ ಹೆರಿಗೆಯಾದ ಮೇಲೆ ಅದನ್ನು ಹುಡುಕಿಕೊಂಡು ವಿಜಯಪುರಕ್ಕೆ, ರಾಮದುರ್ಗದಿಂದ ಬೆಳಗಾವಿಗೆ, ಹುನಗುಂದದಿಂದ ಬಾಗಲಕೋಟೆಯ ನವನಗರಕ್ಕೆ ಗಾಡಿ ಕಟ್ಟಿಕೊಂಡು ಓಡುವಷ್ಟರಲ್ಲಿ ಅಮೂಲ್ಯವಾದ ಅರ್ಧ ದಿನ ಹೋಗಿಬಿಡುತ್ತದೆ. ಆದುದರಿಂದ ಹೆರಿಗೆ ಎಲ್ಲಿ ಎಂಬುದನ್ನು ಏಳೆಂಟನೆಯ ತಿಂಗಳಲ್ಲೇ ತೀರ್ಮಾನಿಸಿ, ಆ ದವಾಖಾನೆಯಲ್ಲಿ ಈ ಔಷಧ ಇದೆಯೇ, ರಾತ್ರಿಯೂ ಕೊಡುತ್ತಾರೆಯೇ, ಯಾರನ್ನು ಕೇಳಬೇಕು ಎಂದು ವಿಚಾರಿಸಿ ಕಾರ್ಡಿನ ಮೇಲೆ ಬರೆಸಿಕೊಳ್ಳಬೇಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಉಚಿತವಾಗಿ ದೊರೆಯುವ ವ್ಯವಸ್ಥೆಯಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿ ಕೇಳುವುದು ಒಳ್ಳೆಯದು. ಇಮ್ಯುನೊಗ್ಲಾಬ್ಯುಲಿನ್ ಸಿಗಲೇ ಇಲ್ಲವೆಂದು ಲಸಿಕೆಯನ್ನು ತಡಮಾಡುವುದು ಮಾತ್ರ ಕೂಡದು, ಹಾಲನ್ನು ನಿಲ್ಲಿಸುವುದೂ ಕೂಡದು.

ಎರಡೂ ಚುಚ್ಚುಮದ್ದು ಬಿದ್ದರೂ ಕೆಲವು ಮಕ್ಕಳಿಗೆ ಸೋಂಕು ತಗಲುವುದುಂಟು. ಅವರಲ್ಲಿ ಹೆಚ್ಚಿನವರು ವೈರಲ್ ಲೋಡ್ ಬಹಳ ಏರಿರುವ ತಾಯಂದಿರ ಮಕ್ಕಳು. ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ, ರಕ್ತದ ಒಂದು ಮಿಲಿಲೀಟರಿನಲ್ಲಿ ವೈರಸ್ಸಿನ ಡಿಎನ್‌ಎ 2 ಲಕ್ಷ ಅಂತಾರಾಷ್ಟ್ರೀಯ ಘಟಕಗಳು ಅಥವಾ ಅದಕ್ಕಿಂತ ಹೆಚ್ಚಿರುವ ಗರ್ಭಿಣಿಯರಿಗೆ 28ನೆಯ ವಾರದಿಂದ ವೈರಸ್ಸನ್ನು ಹತ್ತಿಕ್ಕುವ ಟೆನೋಫೋವಿರ್ ಮಾತ್ರೆಯನ್ನು ದಿನಕ್ಕೊಂದರಂತೆ ಹೆರಿಗೆಯವರೆಗಾದರೂ ಕೊಡಬೇಕೆಂದು ಸೂಚಿಸಿತು. 2024ರಲ್ಲಿ ಈ ಸೂಚನೆಯನ್ನು ಇನ್ನಷ್ಟು ವಿಸ್ತರಿಸಿ, ವೈರಲ್ ಲೋಡ್ ಪರೀಕ್ಷೆಯೂ ಎಚ್‌ಬಿಇಎಜಿ ಪರೀಕ್ಷೆಯೂ ಸಿಗದ ಕಡೆಗಳಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಇರುವ ಎಲ್ಲ ಗರ್ಭಿಣಿಯರಿಗೂ ಇದನ್ನು ಕೊಡಬಹುದೆಂದಿತು. ಕಾರ್ಡನ್ನು ಟ್ರಂಕಿನಲ್ಲಿ ಇಟ್ಟುಬಿಟ್ಟರೆ ಆಗುವ ನಿಜವಾದ ನಷ್ಟ ಇದು: ಮಾತ್ರೆ ಆರಂಭಿಸಬೇಕಾದ ವಾರಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ಮಾತ್ರೆ ನುಂಗುತ್ತಿರುವಾಗ ಹಾಲು ಕುಡಿಸಬಹುದೇ? ಕುಡಿಸಬಹುದು. ಹಾಲಿಗೆ ಬರುವ ಔಷಧದ ಪ್ರಮಾಣ ಅತ್ಯಲ್ಪ, ಅದೂ ಕೂಸಿನ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಇನ್ನೂ ಕಡಿಮೆ. ಆದರೆ ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು. ನಿಲ್ಲಿಸಿದ ಮೇಲೆ ತಾಯಿಯ ಯಕೃತ್ತಿನ ಉರಿಯೂತ ಏಕಾಏಕಿ ಕೆರಳುವ ಸಾಧ್ಯತೆ ಇರುವುದರಿಂದ ಕೆಲವು ತಿಂಗಳು ರಕ್ತಪರೀಕ್ಷೆಯ ನಿಗಾ ಬೇಕು.

ಮೊಲೆತೊಟ್ಟು ಒಡೆದು ರಕ್ತ ಬಂದರೆ ಏನು ಮಾಡಬೇಕೆಂಬ ಪ್ರಶ್ನೆ ನ್ಯಾಯವಾದದ್ದು, ಏಕೆಂದರೆ ರಕ್ತದಲ್ಲಿ ವೈರಸ್ ಹೆಚ್ಚು. ತೊಟ್ಟು ಒಡೆಯುವುದಕ್ಕೆ ಮುಖ್ಯ ಕಾರಣ ಕೂಸು ಬರಿ ತೊಟ್ಟನ್ನಷ್ಟೇ ಕಚ್ಚಿ ಚೀಪುವುದು. ಅದರ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಿಡಿದುಕೊಳ್ಳಲು ಮೊದಲ ದಿನವೇ ನರ್ಸಬಾಯಿಯಿಂದ ಕಲಿತರೆ ಬಹುತೇಕ ಒಡಕುಗಳು ಆಗುವುದೇ ಇಲ್ಲ. ಲಸಿಕೆ ಪಡೆದ ಕೂಸಿಗೆ ಸಣ್ಣ ಒಡಕಿನ ಕಾರಣಕ್ಕೆ ಹಾಲು ಬಿಡಿಸಬೇಕಾಗಿಲ್ಲ. ಕಣ್ಣಿಗೆ ಕಾಣುವಷ್ಟು ರಕ್ತ ಒಸರುತ್ತಿದ್ದರೆ ಆ ಬದಿಯ ಹಾಲನ್ನು ಹಿಂಡಿ ಚೆಲ್ಲುತ್ತ, ಗಾಯ ಮಾಯುವವರೆಗೆ ಇನ್ನೊಂದು ಬದಿಯಿಂದ ಕುಡಿಸುತ್ತ, ವೈದ್ಯರಿಗೆ ತೋರಿಸುವುದು ಜಾಣತನ. ಹಾಲನ್ನು ಹಿಂಡದೆ ಬಿಟ್ಟರೆ ಎದೆ ಬಿಗಿದು ಬಾವು ಬಂದೀತು.

ಬಾಣಂತಿಯ ತಟ್ಟೆ, ಲೋಟ, ಹಾಸಿಗೆಗಳನ್ನು ಬೇರೆ ಇಡುವುದರಲ್ಲಿ ಯಾವ ಅರ್ಥವೂ ಇಲ್ಲ. ಕೂಸಿಗೆ ಮುತ್ತಿಕ್ಕಬಹುದು, ಎದೆಗವಚಿಕೊಳ್ಳಬಹುದು, ಎಣ್ಣೆ ಹಚ್ಚಿ ಎರೆಯಬಹುದು. ಎಚ್ಚರ ಬೇಕಾದದ್ದು ರಕ್ತದ ವಿಷಯದಲ್ಲಿ: ಈ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಏಳು ದಿನಗಳವರೆಗೂ ಜೀವ ಹಿಡಿದಿರಬಲ್ಲದು. ಆದ್ದರಿಂದ ಹಲ್ಲುಜ್ಜುವ ಬ್ರಷ್, ಬ್ಲೇಡು, ಉಗುರು ಕತ್ತರಿಸುವ ಸಾಧನ ಯಾರದು ಅವರಿಗೇ ಇರಬೇಕು. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಸಾಲಾಗಿ ಹಚ್ಚೆ ಹಾಕಿಸುವುದು, ಕಿವಿ ಮೂಗು ಚುಚ್ಚಿಸುವುದು ತಲೆತಲಾಂತರದಿಂದ ಬಂದ ರೂಢಿಯಾದರೂ, ಸೂಜಿ ಹೊಸದೇ ಎಂದು ಕೇಳಿ ಮುಂದುವರಿಯಬೇಕು. ಗಂಡನಿಗೂ ಮೊದಲು ಹುಟ್ಟಿದ ಮಕ್ಕಳಿಗೂ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ, ನೆಗೆಟಿವ್ ಇದ್ದು ಲಸಿಕೆ ಆಗದವರಿಗೆ ಲಸಿಕೆ ಹಾಕಿಸಬೇಕು.

ನಡುವೆ ಒಂದು ಸಂಗತಿ, ಏಕೆಂದರೆ ಇದರಿಂದ ಅನಾಹುತಗಳಾಗಿವೆ. ಹುಟ್ಟಿದ ಎರಡು ಮೂರನೆಯ ದಿನ ಅನೇಕ ಹಸಗೂಸುಗಳ ಮೈ ಹಳದಿಯಾಗುತ್ತದೆ. ತಾಯಿಗೆ ಹೆಪಟೈಟಿಸ್ ಬಿ ಇದ್ದ ಮನೆಯಲ್ಲಿ ಇದನ್ನು ಕಂಡೊಡನೆ ‘ಹಾಲಿನಿಂದ ಕೂಸಿಗೂ ಬಂತು’ ಎಂದು ತೀರ್ಮಾನಿಸುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ವೈರಸ್ ಎರಡು ದಿನದಲ್ಲಿ ಯಾರನ್ನೂ ಹಳದಿ ಮಾಡಲಾರದು. ನವಜಾತ ಶಿಶುವಿನ ಹಳದಿಗೆ ಬೇರೆ ಕಾರಣಗಳಿವೆ, ಅದನ್ನು ಮಕ್ಕಳ ವೈದ್ಯರೇ ನೋಡಬೇಕು. ಹಾಲು ಬಿಡಿಸುವುದು, ನಾಟಿ ಔಷಧ ನೆಕ್ಕಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಹೊಟ್ಟೆಯ ಮೇಲೆ ಬರೆ ಹಾಕಿಸುವುದು ಖಂಡಿತ ಸಲ್ಲದು.

ಕೂಸು ಪಾರಾಯಿತೋ ಇಲ್ಲವೋ ಎಂದು ತಿಳಿಯಲು ತಾಳ್ಮೆ ಬೇಕು. ಹುಟ್ಟಿದೊಡನೆ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದರೆ ನಿಜ ತಿಳಿಯದು, ಅದರಲ್ಲಿ ತಾಯಿಯ ರಕ್ತ ಬೆರೆತಿರಬಹುದು. ಲಸಿಕೆ ಹಾಕಿದ ಮೊದಲ ಕೆಲವು ವಾರಗಳಲ್ಲಿ ಲಸಿಕೆಯ ಪ್ರೋಟೀನೇ ಪರೀಕ್ಷೆಯಲ್ಲಿ ಪಾಸಿಟಿವ್ ಆಗಿ ಕಾಣಬಹುದು. ಎಲ್ಲ ಡೋಸುಗಳೂ ಮುಗಿದು ಒಂಬತ್ತರಿಂದ ಹನ್ನೆರಡು ತಿಂಗಳಾದಾಗ ಎರಡು ಪರೀಕ್ಷೆ ಮಾಡಿಸಬೇಕು. ಎಚ್‌ಬಿಎಸ್‌ಎಜಿ ನೆಗೆಟಿವ್ ಬಂದು, ಪ್ರತಿಕಾಯದ ಮಟ್ಟ ಒಂದು ಮಿಲಿಲೀಟರಿಗೆ 10 ಮಿಲಿ ಅಂತಾರಾಷ್ಟ್ರೀಯ ಘಟಕ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೂಸಿಗೆ ಸೋಂಕು ತಗಲಿಲ್ಲ, ರಕ್ಷಣೆಯೂ ದೊರೆತಿದೆ. ಸೋಂಕೂ ಇಲ್ಲದೆ, ಸಾಕಷ್ಟು ಪ್ರತಿಕಾಯಗಳೂ ಇಲ್ಲದಿದ್ದರೆ ಮತ್ತೆ ಲಸಿಕೆ ಹಾಕಬೇಕಾಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಈ ಹೊತ್ತಿಗೆ ಬಹಳ ಮಕ್ಕಳು ಲೆಕ್ಕದಿಂದ ಜಾರಿಹೋಗುತ್ತವೆ. ಬಾಣಂತನ ಮುಗಿಸಿ ತಾಯಿ ಗಂಡನ ಮನೆಗೆ ಹೋಗಿರುತ್ತಾಳೆ, ಅಲ್ಲಿಂದ ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಮಹಾರಾಷ್ಟ್ರಕ್ಕೋ ದುಡಿಯಲು ಗೋವಾಕ್ಕೋ ಹೋಗಿರುತ್ತಾಳೆ, ಕಾರ್ಡು ತವರಿನಲ್ಲೇ ಉಳಿದಿರುತ್ತದೆ. ಕಾರ್ಡಿನ ಎಲ್ಲ ಪುಟಗಳ ಫೋಟೊ ಮೊಬೈಲಿನಲ್ಲಿದ್ದರೆ ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿಯೂ ಮುಂದಿನ ಡೋಸು ಹಾಕಿಸಬಹುದು.

ನಮ್ಮ ಓಣಿಯ ಕೂಸಿಗೆ ಎರಡೂ ಚುಚ್ಚುಮದ್ದುಗಳು ಹುಟ್ಟಿದ ಐದನೆಯ ತಾಸಿನಲ್ಲಿ ಬಿದ್ದವು, ಅದಕ್ಕೂ ಮುಂಚೆಯೇ ಅದು ತಾಯಿಯ ಎದೆಹಾಲು ಕುಡಿದಿತ್ತು. ವರ್ಷದ ಹೊತ್ತಿಗೆ ಮಾಡಿಸಿದ ಪರೀಕ್ಷೆ ನೆಗೆಟಿವ್ ಬಂದಾಗ ಮನೆಯವರು ಪೇಢೆ ಹಂಚಿದರು, ಎಲ್ಲವೂ ಮುಗಿಯಿತೆಂದುಕೊಂಡರು. ಮುಗಿದದ್ದು ಕೂಸಿನದು. ತಾಯಿಯ ಮೈಯಲ್ಲಿ ವೈರಸ್ ಇದ್ದೇ ಇದೆ. ಆಕೆಗೆ ಆರು ತಿಂಗಳಿಗೋ ವರ್ಷಕ್ಕೋ ವೈದ್ಯರು ಹೇಳಿದಂತೆ ಯಕೃತ್ತಿನ ರಕ್ತಪರೀಕ್ಷೆ, ವೈರಲ್ ಲೋಡ್, ಬೇಕಾದಾಗ ಹೊಟ್ಟೆಯ ಸ್ಕ್ಯಾನಿಂಗ್ ಆಗುತ್ತಲೇ ಇರಬೇಕು. ಇನ್ನೊಮ್ಮೆ ಬಸಿರಾದರೆ ಎರಡನೆಯ ಕೂಸಿಗೂ ಮೊದಲ ದಿನದ ಅದೇ ಚುಚ್ಚುಮದ್ದುಗಳು ಮೊದಲಿನಿಂದ ಬೇಕು. ಮೊದಲ ಮಗುವಿನ ನೆಗೆಟಿವ್ ರಿಪೋರ್ಟ್ ಅದಕ್ಕೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮೊನ್ನೆ ಆಕೆ ಜಿಲ್ಲಾ ಆಸ್ಪತ್ರೆಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ರಕ್ತ ಕೊಟ್ಟು ಬಂದಳು, ಕಂಕುಳಲ್ಲಿ ಕೂಸಿತ್ತು.